ಮಲೆನಾಡಿನ ಫ್ಲೂ ಕಾಲ: ಮನೆಯಲ್ಲಿ ಏನು ಮಾಡಬೇಕು, ಆಸ್ಪತ್ರೆಗೆ ಯಾವಾಗ ಹೊರಡಬೇಕು

ಜೂನ್ ಕೊನೆಯಲ್ಲಿ ಮಳೆ ಜಡಿ ಹಿಡಿಯಿತು ಅಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆಮನೆಯಲ್ಲೂ ಕೆಮ್ಮು ಕೇಳುತ್ತದೆ. ಶಾಲೆಗೆ ಹೋಗುವ ಮಗುವಿಗೆ ಮೊದಲು ಜ್ವರ, ಎರಡು ದಿನಕ್ಕೆ ತಾಯಿಗೆ, ಆಮೇಲೆ ಅಜ್ಜಿಗೆ. ನಮ್ಮ ದೇಶದಲ್ಲಿ ಫ್ಲೂ ವರ್ಷಕ್ಕೆ ಎರಡು ಸಲ ಏರುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಒಂದು ಸಲ, ಮಳೆಗಾಲದಲ್ಲಿ ಮತ್ತು ಅದು ಮುಗಿಯುವ ಹೊತ್ತಿಗೆ ಇನ್ನೊಂದು ಸಲ.

ಈ ಜ್ವರದ ವಿಷಯದಲ್ಲಿ ನಮ್ಮ ಕಡೆ ಎರಡು ಥರದ ತಪ್ಪು ಆಗುತ್ತದೆ. ಮೈ ಬಿಸಿಯಾದ ಮೊದಲ ದಿನವೇ ಮಗುವನ್ನು ಬೈಕಿನಲ್ಲಿ ಕೂರಿಸಿಕೊಂಡು, ಮಳೆಯಲ್ಲಿ ನೆನೆಸಿಕೊಂಡು ಪೇಟೆಗೆ ಓಡುವವರಿದ್ದಾರೆ. ಅಲ್ಲಿ ಕಿಕ್ಕಿರಿದ ಒಪಿಡಿಯಲ್ಲಿ ತಾಸುಗಟ್ಟಲೆ ಕೂತು, ಬೇಡದ ಆಂಟಿಬಯೋಟಿಕ್ ತಗೊಂಡು ಬರುತ್ತಾರೆ. ಇನ್ನು ಕೆಲವರು ‘ವೈರಲ್ ಫೀವರ್ ಅಷ್ಟೇ’ ಅಂತ ಐದಾರು ದಿನ ಮಲಗಿದ್ದು, ಉಸಿರು ಕಟ್ಟಲು ಶುರುವಾದ ಮೇಲೆ ನಡುರಾತ್ರಿ ಗಾಡಿ ಹುಡುಕುತ್ತಾರೆ. ಪೇಟೆಯವರಿಗೆ ಎರಡು ರಸ್ತೆ ದಾಟಿದರೆ ಆಸ್ಪತ್ರೆ. ನಮಗೆ ಕುಸಿದ ರಸ್ತೆ, ಏರಿದ ಹಳ್ಳ, ಸಿಗ್ನಲ್ ಇಲ್ಲದ ಮನೆ. ಹಾಗಾಗಿ ಯಾವ ದಿನ ಏನು ಮಾಡಬೇಕು ಅನ್ನುವುದು ನಮಗೆ ಮೊದಲೇ ಗೊತ್ತಿರಬೇಕು. ಜ್ವರದ ದಿನ ಎಣಿಸುವುದನ್ನು ರೂಢಿ ಮಾಡಿಕೊಂಡರೆ ಅರ್ಧ ಗೊಂದಲ ಅಲ್ಲೇ ತೀರುತ್ತದೆ ಅನ್ನುವುದು ನನ್ನ ಗಟ್ಟಿ ನಂಬಿಕೆ.

ಮಳೆ ಹಿಡಿಯುವ ಮೊದಲೇ

ಮೇ ತಿಂಗಳಲ್ಲಿ ಒಣ ಸೌದೆ ಕೂಡಿಡುತ್ತೇವೆ, ಹಪ್ಪಳ ಸಂಡಿಗೆ ಮಾಡಿಡುತ್ತೇವೆ. ಅದರ ಜೊತೆಗೇ ಒಂದು ಡಬ್ಬಿಯಲ್ಲಿ ಜ್ವರದ ಸಾಮಾನನ್ನೂ ತೆಗೆದಿಡಿ. ಒಂದು ಡಿಜಿಟಲ್ ಥರ್ಮಾಮೀಟರ್. ಪ್ಯಾರಾಸಿಟಮಾಲ್ ಮಾತ್ರೆ. ಮಕ್ಕಳಿದ್ದರೆ ಅದರ ಸಿರಪ್. ನಾಲ್ಕೈದು ಒಆರ್‌ಎಸ್ ಪೊಟ್ಟಣ. ಕೆಲವು ಮಾಸ್ಕ್. ಕೊರೋನಾ ಕಾಲದಲ್ಲಿ ತಂದ ಆಕ್ಸಿಮೀಟರ್ ಎಲ್ಲಾದರೂ ಮೂಲೆಯಲ್ಲಿದ್ದರೆ ಹುಡುಕಿ ಸೆಲ್ ಬದಲಿಸಿ. ದಿನವೂ ತಗೊಳ್ಳುವ ಬಿಪಿ, ಶುಗರ್, ಅಸ್ತಮಾ ಔಷಧಿ ಎರಡು ವಾರಕ್ಕಾಗುವಷ್ಟು ಹೆಚ್ಚಿಗೆ ಇರಲಿ. ರಸ್ತೆ ಕಡಿದು ಬಸ್ ನಿಂತಾಗ ಇವೇ ಮೊದಲು ಖಾಲಿಯಾಗುವುದು.

ಫ್ಲೂ ಲಸಿಕೆಯ ಬಗ್ಗೆ ನಮ್ಮಲ್ಲಿ ಮಾತೇ ಕಡಿಮೆ. ಅದು ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿಲ್ಲ, ದುಡ್ಡು ಕೊಟ್ಟು ಹಾಕಿಸಿಕೊಳ್ಳಬೇಕು. ವೈರಸ್ ವರ್ಷವರ್ಷ ಬದಲಾಗುವುದರಿಂದ ಪ್ರತಿ ವರ್ಷವೂ ಬೇಕು. ಹಾಕಿಸಿಕೊಂಡ ಮೇಲೆ ಮೈಯಲ್ಲಿ ರಕ್ಷಣೆ ಬೆಳೆಯಲು ಸುಮಾರು ಎರಡು ವಾರ ಹಿಡಿಯುತ್ತದೆ. ಅದಕ್ಕೇ ನಮ್ಮ ಕಡೆಯವರು ಏಪ್ರಿಲ್, ಮೇ ಹೊತ್ತಿಗೆ ಮುಗಿಸಿಕೊಳ್ಳುವುದು ಒಳ್ಳೆಯದು. 6 ತಿಂಗಳು ತುಂಬಿದ ಮಕ್ಕಳಿಂದ ಹಿಡಿದು ಎಲ್ಲರೂ ಹಾಕಿಸಿಕೊಳ್ಳಬಹುದು. 9 ವರ್ಷದೊಳಗಿನ ಮಗುವಿಗೆ ಮೊದಲ ಸಲ ಆದರೆ ನಾಲ್ಕು ವಾರ ಬಿಟ್ಟು ಎರಡನೇ ಡೋಸ್ ಬೇಕಾಗುತ್ತದೆ. ಮನೆಯ ಎಲ್ಲರಿಗೂ ಹಾಕಿಸಲು ಕೈಯಲ್ಲಿ ಆಗುವುದಿಲ್ಲ ಅಂದರೆ ಬಸುರಿ, ಅಜ್ಜ ಅಜ್ಜಿ, ಸಕ್ಕರೆ ಕಾಯಿಲೆಯವರು, ಅಸ್ತಮಾ ಇರುವವರು, ಚಿಕ್ಕ ಮಕ್ಕಳು ಮೊದಲು. ಲಸಿಕೆ ಹಾಕಿಸಿಕೊಂಡವರಿಗೆ ಫ್ಲೂ ಬರುವುದೇ ಇಲ್ಲ ಅಂತಲ್ಲ. ಬಂದರೂ ಆಸ್ಪತ್ರೆ ಸೇರುವ ಮಟ್ಟಕ್ಕೆ ಹೋಗುವುದು ಕಡಿಮೆ.

ಇನ್ನೊಂದು ಕೆಲಸಕ್ಕೆ ಖರ್ಚೇ ಇಲ್ಲ. ಊರಿನಲ್ಲಿ ರಾತ್ರಿ ಕರೆದರೆ ಬರುವ ಜೀಪು, ಆಟೋ, ಓಮ್ನಿ ಯಾರದ್ದಿದೆ ಅಂತ ನೋಡಿ, ಅವರ ನಂಬರನ್ನು ಗೋಡೆಯ ಮೇಲೆ ದಪ್ಪಗೆ ಬರೆದು ಅಂಟಿಸಿ. ಆಶಾ ಕಾರ್ಯಕರ್ತೆಯ ನಂಬರ್, ಆಂಬುಲೆನ್ಸಿನ 108, ಆರೋಗ್ಯ ಸಹಾಯವಾಣಿಯ 104 ಪಕ್ಕದಲ್ಲೇ ಇರಲಿ. ಮನೆಯ ಸುತ್ತ ಸಿಗ್ನಲ್ ಸಿಗುವ ಜಾಗ ಯಾವುದು ಅನ್ನುವುದು ಹತ್ತು ವರ್ಷದ ಮಗುವಿಗೂ ಗೊತ್ತಿರಬೇಕು.

ಜ್ವರ ಬಂದ ದಿನ: ಕ್ಯಾಲೆಂಡರಿನಲ್ಲಿ ಬರೆಯಿರಿ

ಹಾಲಿನ ಲೆಕ್ಕ, ಆಳಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರ್ ಇದೆಯಲ್ಲ, ಅದರಲ್ಲೇ ಬರೆಯಿರಿ. ಯಾರಿಗೆ ಜ್ವರ, ಯಾವ ತಾರೀಕು, ಬೆಳಗ್ಗೆಯೋ ಸಂಜೆಯೋ. ಅದು ಮೊದಲನೇ ದಿನ. ಬೆಳಗ್ಗೆ, ಸಂಜೆ ಥರ್ಮಾಮೀಟರ್ ಇಟ್ಟು ಎಷ್ಟಿದೆ ಅಂತ ಗುರುತು ಹಾಕಿ. ಹಣೆ ಮುಟ್ಟಿ ನೋಡಿದ್ದು ಲೆಕ್ಕಕ್ಕಿಲ್ಲ, ಒಲೆ ಮುಂದೆ ಕೂತು ಬಂದವರ ಕೈಗೆ ಎಲ್ಲ ತಣ್ಣಗೇ ಅನ್ನಿಸುತ್ತದೆ. 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಜ್ವರ. ಕಂಕುಳಲ್ಲಿ ಇಟ್ಟರೆ ಒಂದು ಡಿಗ್ರಿಯಷ್ಟು ಕಡಿಮೆ ತೋರಿಸಬಹುದು.

ನೆಗಡಿ ಮೆಲ್ಲಗೆ ಬರುತ್ತದೆ. ಮೂಗು ಸೋರುತ್ತದೆ, ಗಂಟಲು ಕೆರೆಯುತ್ತದೆ, ಆದರೂ ಕೊಟ್ಟಿಗೆ ಕೆಲಸ ಮಾಡಬಹುದು. ಫ್ಲೂ ಹಾಗಲ್ಲ. ಬೆಳಗ್ಗೆ ತೋಟಕ್ಕೆ ಹೋದವರು ಮಧ್ಯಾಹ್ನಕ್ಕೆ ಚಳಿ ಹಿಡಿದು ಕಂಬಳಿ ಹೊದ್ದು ಮಲಗುತ್ತಾರೆ. ಮೈಕೈ ನೋವು, ತಲೆನೋವು, ಒಣ ಕೆಮ್ಮು, ಎದ್ದು ನಿಲ್ಲಲಾಗದ ಸುಸ್ತು ಎಲ್ಲ ಒಟ್ಟಿಗೆ. ವೈರಸ್ ಮೈಗೆ ಸೇರಿ ಒಂದರಿಂದ ನಾಲ್ಕು ದಿನದೊಳಗೆ ಹೀಗಾಗುತ್ತದೆ. ಜ್ವರ ಸಾಮಾನ್ಯವಾಗಿ ಮೂರು ನಾಲ್ಕು ದಿನ ಇದ್ದು ಇಳಿಯುತ್ತದೆ. ಕೆಮ್ಮು ಮತ್ತು ಸುಸ್ತು ಎರಡು ವಾರ ಎಳೆಯಬಹುದು.

ಬರೀ ಮಳೆಯಲ್ಲಿ ನೆನೆದದ್ದಕ್ಕೆ ಫ್ಲೂ ಬರುವುದಿಲ್ಲ. ಕಾಯಿಲೆಯವರು ಕೆಮ್ಮಿದಾಗ, ಸೀನಿದಾಗ, ಹತ್ತಿರ ಕೂತು ಮಾತಾಡಿದಾಗ ಹರಡುತ್ತದೆ. ಮಳೆಗಾಲದಲ್ಲಿ ಕಿಟಕಿ ಬಾಗಿಲು ಹಾಕಿಕೊಂಡು ಒಂದೇ ಕೋಣೆಯಲ್ಲಿ ಎಲ್ಲ ಸೇರುತ್ತೇವಲ್ಲ, ಅದು ವೈರಸ್‌ಗೆ ಅನುಕೂಲ.

ಮೊದಲ ಮೂರು ದಿನದ ಆರೈಕೆ

ಆರೋಗ್ಯವಂತ ದೊಡ್ಡವರಿಗೆ ಫ್ಲೂ ಬಂದರೆ ಮುಖ್ಯ ಔಷಧಿ ವಿಶ್ರಾಂತಿಯೇ. ನಮ್ಮಲ್ಲಿ ಇದನ್ನು ಪಾಲಿಸುವುದೇ ಕಷ್ಟ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಲು ಆಳು ಸಿಕ್ಕಿದ್ದಾರೆ, ಮಳೆ ಎರಡು ದಿನ ಹೊಳವಾಗಿದೆ, ಈಗ ಮಲಗಿದರೆ ಹೇಗೆ ಅನ್ನಿಸುತ್ತದೆ. ಹೆಂಗಸರಿಗಂತೂ ಜ್ವರ ಇದ್ದರೂ ಒಲೆ ಬಿಡುವಂತಿಲ್ಲ. ಆದರೆ ಜ್ವರದಲ್ಲಿ ಮೈ ದಣಿಸಿಕೊಂಡವರು ಚೇತರಿಸಿಕೊಳ್ಳಲು ಜಾಸ್ತಿ ದಿನ ತಗೊಳ್ಳುತ್ತಾರೆ. ಮನೆಯ ಗಂಡಸರು ಆ ಮೂರು ದಿನ ಅಡುಗೆಗೆ ನಿಲ್ಲಲಿ. ಗಂಜಿ, ಉಪ್ಪಿನಕಾಯಿ ಮಾಡಲು ಬಾರದವರು ಯಾರಿದ್ದಾರೆ?

ಪ್ಯಾರಾಸಿಟಮಾಲ್ ಜ್ವರ ಇಳಿಸುತ್ತದೆ, ಮೈಕೈ ನೋವು ಕಡಿಮೆ ಮಾಡುತ್ತದೆ. ಕಾಯಿಲೆಯನ್ನು ಅದು ವಾಸಿ ಮಾಡುವುದಿಲ್ಲ. ಆದ್ದರಿಂದ 99, 100 ಡಿಗ್ರಿಗೆಲ್ಲ ಮಾತ್ರೆ ನುಂಗುವ ಅಗತ್ಯ ಇಲ್ಲ, ಒದ್ದಾಟ ಇದ್ದರೆ ಮಾತ್ರ ಸಾಕು. ದೊಡ್ಡವರು 500 ಅಥವಾ 650 ಮಿಲಿಗ್ರಾಮಿನ ಒಂದು ಮಾತ್ರೆ, ಆರು ತಾಸಿಗೊಮ್ಮೆ ಅಂತ ಇಟ್ಟುಕೊಂಡರೆ ದಿನಕ್ಕೆ ನಾಲ್ಕು ಮೀರುವುದಿಲ್ಲ. ಇಲ್ಲಿ ಒಂದು ಹಳ್ಳ ಇದೆ. ಮೆಡಿಕಲ್‌ನಲ್ಲಿ ಸಿಗುವ ಬಹಳಷ್ಟು ಶೀತದ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ. ಜ್ವರಕ್ಕೊಂದು, ಶೀತಕ್ಕೊಂದು ಅಂತ ಎರಡನ್ನೂ ನುಂಗಿದರೆ ಗೊತ್ತಿಲ್ಲದೆ ಪ್ರಮಾಣ ದುಪ್ಪಟ್ಟಾಗುತ್ತದೆ. ಅದರ ಪೆಟ್ಟು ಬೀಳುವುದು ಲಿವರ್ ಮೇಲೆ. ದಿನವೂ ಕುಡಿಯುವ ಅಭ್ಯಾಸ ಇದ್ದವರಿಗೆ, ಲಿವರ್ ತೊಂದರೆ ಇದ್ದವರಿಗೆ ಅಪಾಯ ಇನ್ನೂ ಹೆಚ್ಚು. ಅವರು ಡಾಕ್ಟರನ್ನು ಕೇಳಿಯೇ ತಗೊಳ್ಳಲಿ.

ಮಕ್ಕಳ ಸಿರಪ್ ವಿಷಯದಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಬಾಟಲಿಯ ಮುಂದೆ ದೊಡ್ಡದಾಗಿ ಬರೆದಿರುವುದು ಕಂಪನಿಯ ಹೆಸರು. ನಮಗೆ ಬೇಕಾದದ್ದು ಅದರ ಕೆಳಗಿನ ಸಣ್ಣ ಅಕ್ಷರ. ಒಂದು ಬಾಟಲಿಯಲ್ಲಿ 5 ಎಂಎಲ್‌ಗೆ 120 ಅಥವಾ 125 ಮಿಲಿಗ್ರಾಂ ಇರುತ್ತದೆ. ಇನ್ನೊಂದರಲ್ಲಿ ಅದೇ 5 ಎಂಎಲ್‌ಗೆ 250. ಹಸುಗೂಸಿನ ಡ್ರಾಪ್ಸ್‌ನಲ್ಲಿ ಒಂದೇ ಎಂಎಲ್‌ಗೆ 100 ಮಿಲಿಗ್ರಾಂ. ಮಗುವಿಗೆ ಒಂದು ಸಲಕ್ಕೆ ಬೇಕಾದದ್ದು ತೂಕದ ಲೆಕ್ಕ, ಕೆಜಿಗೆ 10ರಿಂದ 15 ಮಿಲಿಗ್ರಾಂ. 10 ಕೆಜಿಯ ಮಗುವಿಗೆ ಹೆಚ್ಚೆಂದರೆ 150. ಅಂದರೆ 250ರ ಸಿರಪ್ ಆದರೆ 3 ಎಂಎಲ್, 120ರದ್ದಾದರೆ 6 ಎಂಎಲ್. ‘ಒಂದು ಮುಚ್ಚಳ ಹಾಕು’ ಅಂತ ಫೋನಿನಲ್ಲಿ ಹೇಳಿ, ಮನೆಯಲ್ಲಿ ಡ್ರಾಪ್ಸ್ ಬಾಟಲಿಯಿಂದ 5 ಎಂಎಲ್ ಹಾಕಿದರೆ ಆ ಮಗುವಿನ ಹೊಟ್ಟೆಗೆ 500 ಮಿಲಿಗ್ರಾಂ ಹೋಯಿತು! ಡಾಕ್ಟರ್ ಹೇಳಿದ ಪ್ರಮಾಣವನ್ನು ಬಾಟಲಿಯ ಮೇಲೇ ಪೆನ್ನಿನಲ್ಲಿ ಬರೆದಿಡಿ. ಅಡುಗೆಮನೆ ಚಮಚ ಬೇಡ, ಬಾಟಲಿಯ ಜೊತೆ ಬಂದ ಅಳತೆ ಮುಚ್ಚಳವೇ ಇರಲಿ. ಎರಡು ಡೋಸಿನ ನಡುವೆ ಕನಿಷ್ಠ ನಾಲ್ಕರಿಂದ ಆರು ತಾಸು ಬಿಡಿ, ದಿನಕ್ಕೆ ನಾಲ್ಕು ಸಲ ಮೀರಬೇಡಿ.

ಮಕ್ಕಳಿಗೆ ಆಸ್ಪಿರಿನ್ ಕೊಡಲೇಬೇಡಿ. ಫ್ಲೂ ಜೊತೆ ಅದು ಸೇರಿದರೆ ಮೆದುಳಿಗೆ, ಲಿವರಿಗೆ ಪೆಟ್ಟಾಗುವ ಅಪಾಯ ಇದೆ. ಕೆಮ್ಮಿನ ಸಿರಪ್ ಬಗ್ಗೆಯೂ ಹುಷಾರು. 2 ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧಿ ಬರೆಯಬಾರದು, ಕೊಡಬಾರದು ಅಂತ 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆಯೇ ಸೂಚನೆ ಕೊಟ್ಟಿದೆ. 5 ವರ್ಷದವರೆಗೂ ಸಾಮಾನ್ಯವಾಗಿ ಬೇಡ ಅನ್ನುವುದೇ ಆ ಸೂಚನೆ. ಅಣ್ಣನ ಬಾಟಲಿಯಲ್ಲಿ ಉಳಿದದ್ದನ್ನು ತಮ್ಮನಿಗೆ ಹಾಕುವ ರೂಢಿ ಇವತ್ತೇ ನಿಲ್ಲಲಿ.

ಕಷಾಯ ಕುಡಿಯಿರಿ, ಧಾರಾಳವಾಗಿ ಕುಡಿಯಿರಿ. ಜೀರಿಗೆ, ಕೊತ್ತಂಬರಿ, ಕಾಳುಮೆಣಸು, ಶುಂಠಿ ಹಾಕಿ ಕುದಿಸಿದ ಬಿಸಿ ಕಷಾಯ ಗಂಟಲಿಗೆ ಹಿತ, ನೀರೂ ಹೊಟ್ಟೆಗೆ ಹೋಗುತ್ತದೆ. ಆದರೆ ಕಾಳುಮೆಣಸು ಜಾಸ್ತಿಯಾಗಿ ಹೊಟ್ಟೆ ಉರಿಯುವಷ್ಟು ಖಾರ ಮಾಡಬೇಡಿ. ತಿಳಿಸಾರು, ಗಂಜಿ, ಮಜ್ಜಿಗೆ, ಎಳನೀರು ಯಾವುದು ಒಳಗೆ ಇಳಿಯುತ್ತದೋ ಅದು. ಒಂದು ವರ್ಷ ತುಂಬಿದ ಮಗುವಿಗೆ ರಾತ್ರಿ ಒಂದು ಚಮಚ ಜೇನು ಕೆಮ್ಮಿಗೆ ಒಳ್ಳೆಯದು. ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಲೇಬಾರದು, ಅದರಿಂದ ಬೊಟುಲಿಸಂ ಅನ್ನುವ ಗಂಭೀರ ಕಾಯಿಲೆ ಬರಬಹುದು. ಮೊಲೆಹಾಲು ಕುಡಿಯುವ ಕೂಸಿಗೆ ತಾಯಿಗೆ ಜ್ವರ ಬಂದರೂ ಹಾಲು ನಿಲ್ಲಿಸಬೇಡಿ, ಬಾಯಿಗೆ ಮಾಸ್ಕ್ ಹಾಕಿಕೊಂಡು ಕುಡಿಸಿದರಾಯಿತು. ಕುದಿಯುವ ನೀರಿನ ಪಾತ್ರೆಯ ಮೇಲೆ ಮಕ್ಕಳನ್ನು ಬಗ್ಗಿಸಿ ಆವಿ ಕೊಡುವುದು ಬೇಡವೇ ಬೇಡ, ಸುಟ್ಟುಕೊಂಡು ಬರುವ ಮಕ್ಕಳು ಬೇಕಾದಷ್ಟಿದ್ದಾರೆ.

ಹಸಿ ಸೌದೆಯ ಹೊಗೆ ತುಂಬಿದ ಕೋಣೆಯಲ್ಲಿ ಕೆಮ್ಮುವವರನ್ನು ಮಲಗಿಸಬೇಡಿ. ಒಲೆಯ ಮೇಲೆ ಬಟ್ಟೆ ಒಣಗಿಸುವ ಜಾಗದಿಂದ ಅವರ ಹಾಸಿಗೆ ದೂರ ಇರಲಿ. ಚಳಿ ಹತ್ತಿದಾಗ ಹೊದಿಸಿ, ಬೆವರು ಬಂದಾಗ ತೆಗೆಯಿರಿ.

ಮನೆಯ ಉಳಿದವರಿಗೆ ಹರಡದ ಹಾಗೆ

ಜ್ವರ ಶುರುವಾಗುವ ಹಿಂದಿನ ದಿನದಿಂದಲೇ ಫ್ಲೂ ಹರಡುತ್ತದೆ. ಆಮೇಲೆ ಐದರಿಂದ ಏಳು ದಿನ. ಹಾಗಾಗಿ ಪೂರ್ತಿ ತಡೆಯಲು ಆಗುವುದಿಲ್ಲ, ಕಡಿಮೆ ಮಾಡಬಹುದು. ಕಾಯಿಲೆಯವರು ಮಾಸ್ಕ್ ಹಾಕಿಕೊಂಡು ಕಿಟಕಿ ಇರುವ ಕೋಣೆಯಲ್ಲಿ ಮಲಗಲಿ. ಕಿಟಕಿ ಒಂದು ಗೇಣಾದರೂ ತೆರೆದಿರಲಿ. ಅಜ್ಜಿ ಮೊಮ್ಮಗುವನ್ನು ಜೊತೆಗೆ ಮಲಗಿಸಿಕೊಳ್ಳುವುದು ನಾಲ್ಕು ದಿನ ಬೇಡ, ಯಾರಿಗೇ ಜ್ವರ ಇದ್ದರೂ. ಸಿಂಬಳ ಒರೆಸಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಜ್ವರ ಇರುವ ಮಗುವನ್ನು ‘ಟೆಸ್ಟ್ ಇದೆ’ ಅಂತ ಶಾಲೆಗೆ ಕಳಿಸಿದರೆ ಇಡೀ ಶಾಲಾ ವ್ಯಾನಿಗೆ ಹಂಚಿದ ಹಾಗೆ. ಮಾತ್ರೆ ಇಲ್ಲದೆ 24 ತಾಸು ಜ್ವರ ಬಾರದೆ ಇದ್ದ ಮೇಲೆ ಕಳಿಸಿ.

ಇದು ಫ್ಲೂ ಹೌದಾ, ಬೇರೆ ಜ್ವರವಾ?

ಈ ಪ್ರಶ್ನೆ ಮಲೆನಾಡಿನಲ್ಲಿ ಬೇರೆ ಕಡೆಗಿಂತ ಮುಖ್ಯ. ಪುಸ್ತಕದ ಫ್ಲೂ ಜೊತೆಗೆ ಇಲ್ಲಿ ಇನ್ನೂ ಮೂರು ಜ್ವರ ಅದೇ ವೇಷದಲ್ಲಿ ಬರುತ್ತವೆ. ಮೊದಲೆರಡು ದಿನ ಡಾಕ್ಟರಿಗೂ ಬರೀ ಮುಖ ನೋಡಿ ಹೇಳಲು ಆಗುವುದಿಲ್ಲ.

ಮಂಗನ ಕಾಯಿಲೆ ನಮ್ಮ ಶಿವಮೊಗ್ಗ ಜಿಲ್ಲೆಯದೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು. ಉಣುಗು (ಉಣ್ಣೆ ಹುಳ) ಕಚ್ಚುವುದರಿಂದ ಬರುತ್ತದೆ, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಡಿಸೆಂಬರಿನಿಂದ ಮೇ ತನಕ ಇದರ ಕಾಲ. ಅಂದರೆ ಫ್ಲೂ ಮೊದಲ ಸಲ ಏರುವ ಹೊತ್ತಿಗೇ ಇದೂ ಇರುತ್ತದೆ. ಕೊಟ್ಟಿಗೆಗೆ ದರಗು ಗುಡಿಸಲು, ಸೌದೆಗೆ, ಸೊಪ್ಪಿಗೆ ಕಾಡಿಗೆ ಹೋಗಿ ಬಂದವರಿಗೆ ವಾರದೊಳಗೆ ದಿಢೀರ್ ಜ್ವರ, ಜೋರು ತಲೆನೋವು, ಸೊಂಟ ಕಾಲು ಹಿಡಿದು ನೋವು ಬಂದರೆ ಫ್ಲೂ ಅಂತ ಕೂರಬೇಡಿ. ಸುತ್ತಮುತ್ತ ಮಂಗ ಸತ್ತ ಸುದ್ದಿ ಇದ್ದರಂತೂ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆಗೆ ಕೊಡಿ. ಇದಕ್ಕೆ ನಿರ್ದಿಷ್ಟ ಔಷಧಿ ಇಲ್ಲ, ಆದರೆ ಬೇಗ ಆಸ್ಪತ್ರೆ ಸೇರಿದವರನ್ನು ನೋಡಿಕೊಳ್ಳುವುದು ಸುಲಭ. ಇನ್ನೊಂದು ವಿಷಯ, ಈ ಜ್ವರ ಒಂದು ಸಲ ಬಿಟ್ಟು ವಾರ, ಎರಡು ವಾರದ ಮೇಲೆ ಕೆಲವರಿಗೆ ಮತ್ತೆ ಬರುತ್ತದೆ. ಆ ಎರಡನೇ ಸುತ್ತಿನಲ್ಲಿ ತಲೆನೋವು, ನಡುಕ, ಗೊಂದಲ ಕಾಣಿಸಬಹುದು. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಶುರುವಾಗಿ ಜೀವಗಳನ್ನು ತೆಗೆದುಕೊಂಡದ್ದು ಇದೇ ಜ್ವರ. ಹಿಂದೆ ಕೊಡುತ್ತಿದ್ದ ಲಸಿಕೆ 2022ರಿಂದ ನಿಂತಿದೆ. ಉಣುಗು ಹತ್ತಿರ ಬಾರದ ಹಾಗೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಂಡೇ ಕಾಡಿಗೆ ಹೋಗಿ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆಯನ್ನು ಬಿಸಿನೀರಿಗೆ ಹಾಕಿ.

ಡೆಂಗಿಯಲ್ಲಿ ಕೆಮ್ಮು ನೆಗಡಿ ಕಡಿಮೆ. ಕಣ್ಣಿನ ಹಿಂದೆ ನೋವು, ಮೂಳೆ ಮುರಿದ ಹಾಗೆ ನೋವು, ಕೆಲವರಿಗೆ ಮೈಮೇಲೆ ಕೆಂಪು ಗುಳ್ಳೆ. ಇದರಲ್ಲಿ ಜನ ಮೋಸ ಹೋಗುವುದು ಜ್ವರ ಇಳಿದಾಗ. ಮೂರನೇ ದಿನದಿಂದ ಏಳನೇ ದಿನದ ನಡುವೆ, ಜ್ವರ ಬಿಟ್ಟಿತು ಅಂತ ಸಮಾಧಾನ ಪಡುವ ಹೊತ್ತಿಗೇ ಅಪಾಯ ಶುರುವಾಗುತ್ತದೆ. ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ವಸಡು ಮೂಗಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು, ಮಂಕು ಬಡಿದ ಹಾಗಿರುವುದು ಕಂಡರೆ ತಡ ಮಾಡದೆ ಹೊರಡಿ. ಕ್ಯಾಲೆಂಡರಿನಲ್ಲಿ ದಿನ ಬರೆಯಿರಿ ಅಂದದ್ದು ಇದಕ್ಕೇ. ಪರೀಕ್ಷೆಗೂ ದಿನದ ಲೆಕ್ಕ ಬೇಕು. ಡೆಂಗಿಯ ರಕ್ತ ಪರೀಕ್ಷೆಗಳಲ್ಲಿ ಎನ್‌ಎಸ್1 ಮೊದಲ ಐದು ದಿನದೊಳಗೆ, ಐಜಿಎಂ ಐದು ದಿನ ಕಳೆದ ಮೇಲೆ. ಪಪ್ಪಾಯಿ ಎಲೆ ರಸ ನಂಬಿಕೊಂಡು ಆಸ್ಪತ್ರೆ ತಪ್ಪಿಸಬೇಡಿ.

ಇಲಿ ಜ್ವರ ಗದ್ದೆ, ತೋಟದ ಕೆಲಸದವರಿಗೆ. ಇಲಿ ಮೂತ್ರ ಬೆರೆತ ನೀರಿನಲ್ಲಿ, ಕೆಸರಿನಲ್ಲಿ ಗಾಯದ ಕಾಲಿಟ್ಟು ಕೆಲಸ ಮಾಡಿದರೆ ಬರುತ್ತದೆ. ಮೀನಖಂಡ ಮುಟ್ಟಲಾಗದಷ್ಟು ನೋವು, ಕಣ್ಣು ಕೆಂಪು, ಆಮೇಲೆ ಕಾಮಾಲೆ, ಮೂತ್ರ ಕಡಿಮೆಯಾಗುವುದು. ಇದಕ್ಕೆ ಆಂಟಿಬಯೋಟಿಕ್ ಬೇಕೇ ಬೇಕು, ಅದೂ ಬೇಗ. ನಾಟಿ ಮಾಡಿ ಬಂದವರು ಆ ಮಾತನ್ನು ಡಾಕ್ಟರಿಗೆ ತಾವಾಗಿ ಹೇಳಬೇಕು.

ಈ ಮೂರರ ಕಾರಣಕ್ಕೇ ಇನ್ನೊಂದು ಎಚ್ಚರಿಕೆ. ಯಾವ ಜ್ವರ ಅಂತ ಗೊತ್ತಾಗುವ ತನಕ ಐಬುಪ್ರೊಫೆನ್, ಡೈಕ್ಲೋಫೆನಾಕ್, ಮೆಫೆನಮಿಕ್ ಆಸಿಡ್ ಇರುವ ನೋವಿನ ಮಾತ್ರೆ, ಸಿರಪ್ ಬೇಡ. ರಕ್ತ ಸೋರುವ ಜ್ವರ ಆಗಿದ್ದರೆ ಇವು ಅಪಾಯ ಹೆಚ್ಚಿಸುತ್ತವೆ. ಪ್ಯಾರಾಸಿಟಮಾಲ್ ಒಂದೇ ಸಾಕು.

ಯಾರು ಕಾಯಬಾರದು

ಮೂರು ತಿಂಗಳೊಳಗಿನ ಕೂಸಿಗೆ 100.4 ಜ್ವರ ಬಂದರೆ ಮನೆಮದ್ದಿಗೆ ಜಾಗವೇ ಇಲ್ಲ, ಆಗಲೇ ಹೊರಡಿ. ಬಸುರಿ, ಬಾಣಂತಿ, 65 ದಾಟಿದವರು, 5 ವರ್ಷದೊಳಗಿನ ಮಕ್ಕಳು, ಅದರಲ್ಲೂ 2 ವರ್ಷದೊಳಗಿನವರು, ಸಕ್ಕರೆ ಕಾಯಿಲೆ, ಅಸ್ತಮಾ, ಹೃದಯ, ಕಿಡ್ನಿ ತೊಂದರೆ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಒಂದೆರಡು ದಿನದೊಳಗೇ ಡಾಕ್ಟರಿಗೆ ತೋರಿಸಬೇಕು. ಫ್ಲೂಗೆ ಒಸೆಲ್ಟಮಿವಿರ್ ಅನ್ನುವ ಔಷಧಿ ಇದೆ. ಕಾಯಿಲೆ ಶುರುವಾದ 48 ತಾಸಿನೊಳಗೆ ಕೊಟ್ಟರೆ ಅದು ಹೆಚ್ಚು ಕೆಲಸ ಮಾಡುತ್ತದೆ. ಆರೋಗ್ಯವಂತರಿಗೆ ಸಾಮಾನ್ಯವಾಗಿ ಅದು ಬೇಕಾಗುವುದಿಲ್ಲ, ಇವರಿಗೆ ಬೇಕಾಗಬಹುದು. ಕೊಡಬೇಕೋ ಬೇಡವೋ ಡಾಕ್ಟರ್ ತೀರ್ಮಾನ.

ಇನ್ನು ಯಾರಿಗೇ ಆಗಲಿ, ಉಸಿರಾಟ ಕಷ್ಟವಾದರೆ, ಎದೆ ನೋವು ಬಂದರೆ, ಮಾತು ತಪ್ಪಿದರೆ, ಎಬ್ಬಿಸಿದರೂ ಸರಿಯಾಗಿ ಎಚ್ಚರವಾಗದಿದ್ದರೆ, ತುಟಿ ನೀಲಿಯಾದರೆ, ದಿನವಿಡೀ ಮೂತ್ರ ಹೋಗದಿದ್ದರೆ, ಕೆಮ್ಮಿದಾಗ ರಕ್ತ ಬಂದರೆ ದಿನದ ಲೆಕ್ಕ ಬೇಡ. ಜ್ವರ ಇಳಿದು ಎರಡು ದಿನ ಚೆನ್ನಾಗಿದ್ದು ಮತ್ತೆ ಜ್ವರ, ಕೆಮ್ಮು ಜೋರಾದರೆ ಅದು ನ್ಯುಮೋನಿಯಾ ಇರಬಹುದು. ಜ್ವರ ನಾಲ್ಕನೇ ದಿನಕ್ಕೂ ಇಳಿಯುವ ಲಕ್ಷಣ ಇಲ್ಲದಿದ್ದರೆ ಬೇರೇನೂ ಇಲ್ಲದಿದ್ದರೂ ತೋರಿಸಿ. ಆಕ್ಸಿಮೀಟರ್ ಇದ್ದರೆ ಬೆರಳನ್ನು ಉಜ್ಜಿ ಬಿಸಿ ಮಾಡಿ, ನೇಲ್ ಪಾಲಿಶ್ ಅಳಿಸಿ, ಒಂದು ನಿಮಿಷ ಅಲುಗಾಡದೆ ಕೂತು ನೋಡಿ. 94ಕ್ಕಿಂತ ಕೆಳಗೆ ನಿಂತರೆ ಹೊರಡಿ.

ಮಕ್ಕಳಲ್ಲಿ ನ್ಯುಮೋನಿಯಾ ಗುರುತಿಸಲು ಮೆಷಿನ್ ಬೇಡ, ಗಡಿಯಾರ ಸಾಕು. ಮಗು ಅಳದೆ ಸುಮ್ನೆ ಇರುವಾಗ, ನಿದ್ದೆಯಲ್ಲಿದ್ದರೆ ಇನ್ನೂ ಒಳ್ಳೆಯದು, ಅಂಗಿ ಎದೆಯ ತನಕ ಮೇಲೆತ್ತಿ. ಬೆಳಕಿರಲಿ. ಹೊಟ್ಟೆ ಮೇಲೆ ಬಂದು ಕೆಳಗೆ ಹೋದರೆ ಒಂದು ಉಸಿರು. ಪೂರ್ತಿ ಒಂದು ನಿಮಿಷ ಎಣಿಸಿ. ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡಬೇಡಿ, ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ವರ್ಷದೊಳಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರಿಗೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರು. ಎಣಿಸುವಾಗಲೇ ಪಕ್ಕೆಲುಬಿನ ಕೆಳಗೆ ನೋಡಿ. ಉಸಿರು ಎಳೆದಾಗ ಅಲ್ಲಿ ಗುಳಿ ಬೀಳುತ್ತಿದ್ದರೆ, ಮಗು ಹಾಲು ಕುಡಿಯಲು ಆಗದೆ ಬಿಡುತ್ತಿದ್ದರೆ, ನರಳುವ ಸದ್ದು ಬರುತ್ತಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ.

ಜ್ವರ ಏರಿ ಮಗುವಿಗೆ ಫಿಟ್ಸ್ ಬಂದರೆ ಪಕ್ಕಕ್ಕೆ ಮಲಗಿಸಿ, ಬಟ್ಟೆ ಸಡಿಲಿಸಿ, ಗಡಿಯಾರ ನೋಡಿ. ಬಾಯಿಗೆ ಚಮಚ, ನೀರು, ಬೆರಳು ಏನೂ ಹಾಕಬೇಡಿ. ಕೈಗೆ ಕಬ್ಬಿಣ ಕೊಡುವುದರಿಂದ ಪ್ರಯೋಜನ ಇಲ್ಲ. ಐದು ನಿಮಿಷಕ್ಕೂ ನಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ನಿಂತರೂ ಅದೇ ದಿನ ಡಾಕ್ಟರಿಗೆ ತೋರಿಸಿ.

ಎಲ್ಲಿಗೆ ಹೋಗುವುದು

ಎಲ್ಲ ಜ್ವರಕ್ಕೂ ನೇರ ಶಿವಮೊಗ್ಗಕ್ಕೆ ಹೋಗಬೇಕಿಲ್ಲ. ಅಪಾಯದ ಲಕ್ಷಣ ಇಲ್ಲ, ಸಂಶಯ ಮಾತ್ರ ಇದೆ ಅಂದರೆ ಮೊದಲು ಆಶಾ ಕಾರ್ಯಕರ್ತೆ, 104 ಸಹಾಯವಾಣಿ, ಅಥವಾ ಇ-ಸಂಜೀವಿನಿಯಲ್ಲಿ ಫೋನಿನಲ್ಲೇ ಡಾಕ್ಟರ್ ಸಲಹೆ. ನೋಡಿಸಬೇಕು ಅಂದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ. ಶಿವಮೊಗ್ಗ ಪೇಟೆಯವರಿಗೆ ಸರ್ಕಾರದ ‘ನಮ್ಮ ಕ್ಲಿನಿಕ್’ಗಳಿವೆ. ನಮ್ಮ ಜನ ಪಿಎಚ್‌ಸಿಯನ್ನು ಕಡೆಗಣಿಸುತ್ತಾರೆ. ಅದು ಸರಿಯಲ್ಲ. ಮಂಗನ ಕಾಯಿಲೆಯ ರಕ್ತದ ಮಾದರಿ ಕಳಿಸುವುದು ಹಳ್ಳಿಯ ಈ ಕೇಂದ್ರಗಳೇ. ಊರಿನಲ್ಲಿ ಯಾವ ಜ್ವರ ಓಡಾಡುತ್ತಿದೆ ಅನ್ನುವುದು ಅಲ್ಲಿಯವರಿಗೇ ಮೊದಲು ಗೊತ್ತಾಗುವುದು. ಎಕ್ಸ್‌ರೇ, ಅಡ್ಮಿಟ್ ಬೇಕಾದರೆ ತಾಲ್ಲೂಕು ಆಸ್ಪತ್ರೆ. ವೆಂಟಿಲೇಟರ್ ಬೇಕಾಗುವಂಥ ಸ್ಥಿತಿಗೆ, ಅಲ್ಲಿಯ ಡಾಕ್ಟರ್ ಬರೆದುಕೊಟ್ಟಾಗ ಶಿವಮೊಗ್ಗದ ಮೆಗ್ಗಾನ್. ಅದು ವೈದ್ಯಕೀಯ ಕಾಲೇಜಿಗೆ ಸೇರಿದ ಜಿಲ್ಲಾ ಆಸ್ಪತ್ರೆ. ಸಣ್ಣ ನೆಗಡಿಯವರು ಅಲ್ಲಿ ಸಾಲು ಕಟ್ಟಿದರೆ ಉಸಿರು ಕಟ್ಟಿ ಬಂದವರಿಗೆ ತಡವಾಗುತ್ತದೆ. ನೆಗಡಿಗೆ ಹೋದವರು ಫ್ಲೂ ಹಚ್ಚಿಕೊಂಡು ಬರುವುದೂ ಉಂಟು.

ಆದರೆ ಉಸಿರಾಟದ ತೊಂದರೆ, ಪ್ರಜ್ಞೆ ತಪ್ಪುವುದು ಇದ್ದರೆ ಈ ಮೆಟ್ಟಿಲು ಯಾವುದೂ ಬೇಡ. 108 ಕರೆದು ಆಕ್ಸಿಜನ್ ಇರುವ ಹತ್ತಿರದ ಆಸ್ಪತ್ರೆ. ಹೊರಡುವಾಗ ನದಿ, ಘಾಟಿ, ಕುಸಿದ ರಸ್ತೆಯ ಲೆಕ್ಕ ಹಾಕಿ, ಸಂಜೆ ನಾಲ್ಕಕ್ಕೆ ಅನುಮಾನ ಬಂದರೆ ನಾಲ್ಕಕ್ಕೇ ಹೊರಡಿ. ಶರಾವತಿ ಹಿನ್ನೀರಿನ ಆಚೆಯ ತುಮರಿ ಕಡೆಯವರು ಲಾಂಚ್ ನಿಂತ ಮೇಲೆ ರೋಗಿಯನ್ನು ಇಟ್ಟುಕೊಂಡು ಬೆಳಗಾಗುವುದನ್ನು ಕಾಯುತ್ತಿದ್ದರು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆದದ್ದು ಅವರಿಗೆ ಎಷ್ಟು ದೊಡ್ಡ ವಿಷಯ ಅನ್ನುವುದು ಆ ರಾತ್ರಿಗಳನ್ನು ಕಂಡವರಿಗೇ ಗೊತ್ತು.

ಆಧಾರ್, ರೇಷನ್ ಕಾರ್ಡ್, ಆಯುಷ್ಮಾನ್ ಕಾರ್ಡ್ ಒಂದೇ ಕವರಿನಲ್ಲಿ ಇರಲಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡಾ 30ರಷ್ಟು, 1.5 ಲಕ್ಷದ ತನಕ ಆಸ್ಪತ್ರೆ ವೆಚ್ಚದ ನೆರವಿದೆ.

ಡಾಕ್ಟರ ಮುಂದೆ ಏನು ಹೇಳಬೇಕು, ಏನು ಕೇಳಬಾರದು

ಜ್ವರ ಬಂದ ತಾರೀಕು ಮೊದಲು ಹೇಳಿ. ಬರೆದಿಟ್ಟ ಥರ್ಮಾಮೀಟರ್ ಲೆಕ್ಕದ ಫೋಟೋ ತೋರಿಸಿ. ಏನೇನು ಮಾತ್ರೆ ನುಂಗಿದ್ದೀರಿ, ಕಾಡಿಗೆ ಹೋಗಿದ್ದಿರಾ, ಗದ್ದೆಗೆ ಇಳಿದಿದ್ದಿರಾ, ಮನೆಯಲ್ಲಿ ಇನ್ಯಾರಿಗೆ ಇದೆ, ಬೇರೆ ಕಾಯಿಲೆ ಏನಿದೆ, ಇಷ್ಟು ಹೇಳಿದರೆ ಅರ್ಧ ಪರೀಕ್ಷೆ ಆದ ಹಾಗೆ.

‘ಡಾಕ್ಟ್ರೇ, ಒಂದು ಸೂಜಿ ಹಾಕಿಬಿಡಿ’ ಅನ್ನಬೇಡಿ. ಜ್ವರದ ಇಂಜೆಕ್ಷನ್ ಒಂದೆರಡು ದಿನ ಬೇಗ ವಾಸಿ ಮಾಡುವುದಿಲ್ಲ. ಗ್ಲೂಕೋಸ್ ಬಾಟಲಿಯೂ ಅಷ್ಟೇ. ಅರ್ಧ ಲೀಟರಿನ ಶೇಕಡಾ 5ರ ಬಾಟಲಿಯಲ್ಲಿರುವುದು 25 ಗ್ರಾಂ ಸಕ್ಕರೆ. ಬಾಯಿಯಲ್ಲಿ ಕುಡಿಯಲು ಆಗುವವರಿಗೆ ಒಂದು ಲೋಟ ಬೆಲ್ಲದ ಪಾನಕ ಅದೇ ಶಕ್ತಿ ಕೊಡುತ್ತದೆ. ವಾಂತಿ ಆಗಿ ಏನೂ ನಿಲ್ಲದವರಿಗೆ ಡ್ರಿಪ್ಸ್ ಬೇಕು, ಡೆಂಗಿಯಲ್ಲಿ ಅದನ್ನು ಅಳೆದು ಕೊಡಬೇಕು. ಬೇಡದವರಿಗೆ ಹಾಕಿಸುವುದರಲ್ಲಿ ಖರ್ಚು, ನೋವು ಬಿಟ್ಟರೆ ಏನೂ ಇಲ್ಲ.

ಆಂಟಿಬಯೋಟಿಕ್ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಫ್ಲೂ ವೈರಸ್ಸನ್ನು ಮುಟ್ಟುವುದೂ ಇಲ್ಲ. ಹಾಗಿದ್ದೂ ‘ಮೂರು ದಿನದ ಕೋರ್ಸ್ ಕೊಡಿ’ ಅಂತ ಮೆಡಿಕಲ್‌ನಲ್ಲಿ ಅಜಿತ್ರೊಮೈಸಿನ್ ಕೇಳಿ ತರುವವರು ಮನೆಗೊಬ್ಬರು. ಮಾತ್ರೆಯ ಪಟ್ಟಿಯ ಮೇಲೆ ಕೆಂಪು ಗೆರೆ ಇದೆಯಲ್ಲ, ಚೀಟಿ ಇಲ್ಲದೆ ಕೊಡಬಾರದು ಅನ್ನುವ ಗುರುತು ಅದು. 2014ರಿಂದ ಕೆಲವು ಆಂಟಿಬಯೋಟಿಕ್‌ಗಳನ್ನು ಮಾರಿದ್ದಕ್ಕೆ ಅಂಗಡಿಯವರು ರಿಜಿಸ್ಟರ್ ಇಡಬೇಕು ಅಂತ ಕಾನೂನೇ ಇದೆ. ಸುಮ್ಮನೆ ನುಂಗಿ ನುಂಗಿ ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದ ಹಾಗಾದರೆ, ನಾಳೆ ಮಗುವಿಗೆ ನಿಜವಾದ ನ್ಯುಮೋನಿಯಾ ಬಂದಾಗ ಆ ಮಾತ್ರೆ ಕೈಕೊಡುತ್ತದೆ. ಡಾಕ್ಟರ್ ಪರೀಕ್ಷೆ ಮಾಡಿ ಬರೆದರೆ, ಅವರು ಹೇಳಿದಷ್ಟು ದಿನ ತಗೊಳ್ಳಿ. ‘ಇದು ಆಂಟಿಬಯೋಟಿಕ್ಕಾ, ಯಾಕೆ ಬೇಕು?’ ಅಂತ ಕೇಳುವುದು ತಪ್ಪಲ್ಲ. ಕೇಳಿದರೆ ಒಳ್ಳೆಯ ಡಾಕ್ಟರಿಗೆ ಸಿಟ್ಟು ಬರುವುದಿಲ್ಲ. ‘ಯಾವ ಲಕ್ಷಣ ಕಂಡರೆ ವಾಪಸ್ ಬರಲಿ?’ ಅಂತಲೂ ಕೇಳಿಕೊಂಡು ಬನ್ನಿ.

ಜ್ವರ ಬಿಟ್ಟ ಮೇಲೆ

ಜ್ವರ ಇಳಿದ ಮರುದಿನವೇ ಸ್ಪ್ರೇಯರ್ ಹೊರಬೇಡಿ, ಅಡಿಕೆ ಮರ ಹತ್ತಬೇಡಿ. ಫ್ಲೂ ಬಿಟ್ಟ ಮೈಗೆ ತಲೆಸುತ್ತು ಬರುವುದು ಸಾಮಾನ್ಯ, ಮರದ ಮೇಲೆ ಅದು ಬಂದರೆ ಗತಿ ಏನು? ವಾರದ ತನಕ ಹಗುರ ಕೆಲಸ ಮಾಡಿ, ಹೊಟ್ಟೆ ತುಂಬ ಊಟ ಮಾಡಿ, ರಾತ್ರಿ ಬೇಗ ಮಲಗಿ. ಸಕ್ಕರೆ ಕಾಯಿಲೆಯವರು ಒಂದು ಸಲ ಶುಗರ್ ನೋಡಿಸಿಕೊಳ್ಳಿ, ಜ್ವರದಲ್ಲಿ ಅದು ಏರುಪೇರಾಗಿರುತ್ತದೆ.

ಒಣ ಕೆಮ್ಮು ಒಂದೆರಡು ವಾರ ಉಳಿದರೆ ಹೆದರಬೇಡಿ, ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದರೆ ಸಾಕು. ಎರಡು ವಾರ ದಾಟಿಯೂ ಕಡಿಮೆಯಾಗದೆ, ಸಂಜೆ ಹೊತ್ತು ಸಣ್ಣ ಜ್ವರ ಬರುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ಅದನ್ನು ಫ್ಲೂ ಉಳಿಕೆ ಅಂತ ಬಿಡಬೇಡಿ. ಪಿಎಚ್‌ಸಿಗೆ ಹೋಗಿ ಕಫ ಪರೀಕ್ಷೆ ಮಾಡಿಸಿ. ಕ್ಷಯದ ಪರೀಕ್ಷೆ ಮತ್ತು ಔಷಧಿ ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.